ಮುಂದಾಲೋಚನೆಯೂ ಪ್ರಾರ್ಥನೆಯೇ

ಭಾನುವಾರದ ಬಲಿಪೂಜೆ ಮುಗಿದ ಮೇಲೆ ಪ್ರಯಾಣದ ಆಶೀರ್ವಾದ ಬೇಡಿ ಪೂಜಾಪೀಠದ ಬಳಿ ನಿಲ್ಲುವ ಕುಟುಂಬಗಳು ಉತ್ತರ ಬೆಂಗಳೂರಿನ ಧರ್ಮಕೇಂದ್ರಗಳಲ್ಲಿ ಅಪರೂಪವೇನಲ್ಲ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣವು ದೇವನಹಳ್ಳಿಯ ಬಳಿಗೆ ಬಂದಂದಿನಿಂದ ಹೆಬ್ಬಾಳ, ಯಲಹಂಕಗಳನ್ನು ಹಾದುಹೋಗುವ ಬಳ್ಳಾರಿ ರಸ್ತೆಯೇ ನಮ್ಮವರಿಗೆ ಪರದೇಶದ ಹೆಬ್ಬಾಗಿಲಾಗಿದೆ. ಮಗ ದುಬೈನಲ್ಲಿ, ಸೊಸೆ ಕುವೈತಿನಲ್ಲಿ, ಮಗಳು ಅಯರ್ಲೆಂಡಿನಲ್ಲಿ ಎಂಬ ಮಾತು ಮನೆಮನೆಯಲ್ಲಿ ಕೇಳಿಬರುತ್ತದೆ. ಹೊರಟು ನಿಂತವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಪವಿತ್ರ ಜಲವನ್ನು ಚಿಮುಕಿಸಿ, ಹೋಗಿ ಬನ್ನಿ ಎಂದು ಬೀಳ್ಕೊಡುವುದು ನಮ್ಮ ಕರ್ತವ್ಯದ ಸುಲಭವಾದ ಭಾಗ. ಅದರ ಕಠಿಣವಾದ ಭಾಗವನ್ನು ಕುರಿತು ಇಂದು ಬರೆಯಬೇಕೆನಿಸಿದೆ.

ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ಏಳು ವರ್ಷದ ಮಗನನ್ನು ಎತ್ತಿಕೊಂಡು ಹೀಗೆಯೇ ಬಂದು ನಿಂತಿದ್ದರು. ಹುಟ್ಟಿನಿಂದಲೇ ಮೆದುಳಿನ ತೊಂದರೆಯಿದ್ದ ಮಗು. ನಡೆಯಲಾರ, ಮಾತನಾಡಲಾರ. ದಿನಕ್ಕೆರಡು ಬಾರಿ ಕೊಡುವ ಫಿಟ್ಸ್‌ನ ಔಷಧಿ ಒಂದು ಹೊತ್ತೂ ತಪ್ಪುವಂತಿರಲಿಲ್ಲ. ಕೊಲ್ಲಿ ರಾಷ್ಟ್ರವೊಂದರಲ್ಲಿ ದುಡಿಯುತ್ತಿದ್ದ ತಂದೆ ಎರಡು ವರ್ಷಗಳಿಂದ ಮಗನ ಮುಖ ಕಂಡಿರಲಿಲ್ಲ. ಕ್ರಿಸ್ಮಸ್ ಹಬ್ಬವನ್ನು ಜೊತೆಯಾಗಿ ಆಚರಿಸೋಣವೆಂದು ಟಿಕೆಟ್ ಕಳುಹಿಸಿದ್ದರು. “ಭಯವಾಗುತ್ತಿದೆ ಸ್ವಾಮಿ” ಎಂದರು ಆ ತಾಯಿ. “ದೇವರ ಮೇಲೆ ಭಾರ ಹಾಕಿ ಹೊರಡಮ್ಮ, ಆತ ನೋಡಿಕೊಳ್ಳುತ್ತಾನೆ” ಎಂದೆವು ನಾವು.

ಔಷಧಿಯ ಸೀಸೆಗಳು ವಿಮಾನದ ಹೊಟ್ಟೆ ಸೇರಿದ ದೊಡ್ಡ ಪೆಟ್ಟಿಗೆಯಲ್ಲಿದ್ದವು. ವಿಮಾನ ಹೊರಡುವುದು ಹಲವು ಗಂಟೆ ತಡವಾಯಿತು. ರಾತ್ರಿಯ ಔಷಧಿ ತಪ್ಪಿತು. ನಡುದಾರಿಯಲ್ಲಿ ಮಗುವಿಗೆ ಫಿಟ್ಸ್ ಬಂತು. ಅದೇ ವಿಮಾನದಲ್ಲಿದ್ದ ನರ್ಸ್ ಒಬ್ಬರ ನೆರವಿನಿಂದಲೂ ಇಳಿದೊಡನೆ ದೊರೆತ ಚಿಕಿತ್ಸೆಯಿಂದಲೂ ಮಗು ಉಳಿಯಿತು. ಊರಿಗೆ ಮರಳಿದ ಮೇಲೆ ಆ ತಾಯಿ ನಮ್ಮನ್ನು ದೂರಲಿಲ್ಲ. “ಔಷಧಿ ಎಲ್ಲಿಟ್ಟುಕೊಂಡಿದ್ದೀಯಮ್ಮ ಎಂದು ಅವತ್ತು ತಾವೊಂದು ಮಾತು ಕೇಳಿದ್ದರೆ ಚೆನ್ನಾಗಿತ್ತು ಸ್ವಾಮಿ” ಎಂದರು, ಅಷ್ಟೆ. ಆ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತಿದೆ.

ದೇವರ ಮೇಲೆ ಭಾರ ಹಾಕುವುದು ತಪ್ಪಲ್ಲ. ಆದರೆ ನಾವು ಹೊರಬೇಕಾದ ಭಾರವನ್ನೂ ಆತನ ಮೇಲೆ ಹೊರಿಸಿ, ಅದಕ್ಕೆ ವಿಶ್ವಾಸವೆಂದು ಹೆಸರಿಡುವುದು ತಪ್ಪು. ದೇವಾಲಯದ ಶಿಖರದಿಂದ ಧುಮುಕು, ದೂತರು ಎತ್ತಿ ಹಿಡಿಯುತ್ತಾರೆ ಎಂದು ಸೈತಾನನು ಪ್ರೇರೇಪಿಸಿದಾಗ ಪ್ರಭು ಯೇಸು ಧುಮುಕಲಿಲ್ಲ. ಅಂಥ ಧೈರ್ಯ ದೇವರನ್ನು ನಂಬುವುದಲ್ಲ, ದೇವರನ್ನು ಪರೀಕ್ಷಿಸುವುದು ಎಂಬುದನ್ನು ಅವರು ತೋರಿಸಿಕೊಟ್ಟರು.

13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣಕ್ಕೆ ಎಂಟು ಅಂಗಗಳನ್ನು ಹೇಳುತ್ತಾರೆ. ನೆನಪು, ತಿಳಿದವರಿಂದ ಕಲಿಯುವ ವಿನಯ, ಸುತ್ತಲಿನ ಪರಿಸ್ಥಿತಿಯ ಗಮನ, ಅಪಾಯದ ಎಚ್ಚರ ಇವೆಲ್ಲ ಅವುಗಳಲ್ಲಿ ಸೇರಿವೆ. ಎಲ್ಲಕ್ಕೂ ಮುಖ್ಯವಾದುದು ಮುಂದಾಲೋಚನೆ. ಅದಕ್ಕೆ ಅವರು ಬಳಸಿದ ಲ್ಯಾಟಿನ್ ಪದ ‘ಪ್ರೊವಿದೆನ್ಸಿಯಾ’. ದೇವರು ತನ್ನ ಸೃಷ್ಟಿಯನ್ನೆಲ್ಲ ಪಾಲಿಸಿ ನಡೆಸುವ ಪರಿಗೂ ಧರ್ಮಸಭೆ ಬಳಸುವುದು ಇದೇ ಪದವನ್ನು. ಇದು ಬರಿಯ ಶಬ್ದದ ಹೊಂದಿಕೆಯಲ್ಲ. ದುರ್ಬಲವಾದ ಮಗುವಿಗಾಗಿ ಮುಂದಿನದನ್ನು ಯೋಚಿಸಿ ಸಿದ್ಧಪಡಿಸುವ ತಂದೆತಾಯಿ ದೇವರ ಪರಿಪಾಲನೆಯಲ್ಲಿ ಪಾಲುಗಾರರಾಗುತ್ತಾರೆ. ಅವರ ಕೈಯ ಔಷಧಿಪಟ್ಟಿ ಅಪನಂಬಿಕೆಯ ಗುರುತಲ್ಲ; ಅದೂ ಒಂದು ಪ್ರಾರ್ಥನೆ.

ವಿನಯವೆಂದರೆ ಮೊದಲು ವೈದ್ಯರನ್ನು ಕೇಳುವುದು, ಟಿಕೆಟ್ ಕೊಂಡ ಮೇಲಲ್ಲ, ಕೊಳ್ಳುವುದಕ್ಕೆ ಮುಂಚೆ. ವಿಮಾನದೊಳಗಿನ ಗಾಳಿ ನೆಲದ ಮೇಲಿನ ಗಾಳಿಯಂತಲ್ಲ. ಹಾರಾಟದ ವೇಳೆ ಒಳಗಿನ ಒತ್ತಡವನ್ನು ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಸಿರುತ್ತಾರೆ. ಸುಮಾರು 3,000 ಅಡಿ ಎತ್ತರದ ಬೆಂಗಳೂರಿನಲ್ಲಿ ಬೆಳೆದ ಮಗುವನ್ನು ಊಟಿಗಿಂತಲೂ ತುಸು ಮೇಲಕ್ಕೆ ಒಯ್ದು ಗಂಟೆಗಟ್ಟಲೆ ಕೂರಿಸಿದಂತೆ. 8,000 ಅಡಿಯಲ್ಲಿ ದೊರೆಯುವ ಆಮ್ಲಜನಕ, ಸಮುದ್ರಮಟ್ಟದಲ್ಲಿ ಶೇಕಡ 21ರ ಬದಲು ಶೇಕಡ 15 ಮಾತ್ರ ಇರುವ ಗಾಳಿಯನ್ನು ಸೇವಿಸಿದಷ್ಟಕ್ಕೆ ಸಮ. ಆರೋಗ್ಯವಂತರಿಗೆ ಇದು ತಿಳಿಯುವುದೂ ಇಲ್ಲ. ಶ್ವಾಸಕೋಶದ ಅಥವಾ ಹೃದಯದ ತೊಂದರೆಯುಳ್ಳ ಮಗುವಿಗೆ ಇದು ಭಾರವಾಗಬಹುದು. ಅಂಥ ಗಾಳಿಯನ್ನು ಆಸ್ಪತ್ರೆಯಲ್ಲಿಯೇ ಕೊಟ್ಟು ನೋಡುವ ಪರೀಕ್ಷೆಯೂ ಇದೆ. ಅದು ಬೇಕೇ ಬೇಡವೇ ಎಂಬುದನ್ನು ವೈದ್ಯರು ಹೇಳಬೇಕು; ನೆರೆಹೊರೆಯವರಲ್ಲ, ನಾವೂ ಅಲ್ಲ.

ನೆನಪೆಂದರೆ ಎಲ್ಲವನ್ನೂ ಬರೆದಿಡುವುದು. ಮಗುವಿನ ಕಾಯಿಲೆ, ಆದ ಶಸ್ತ್ರಚಿಕಿತ್ಸೆಗಳು, ತೂಕ, ಅಲರ್ಜಿ, ಔಷಧಿಗಳ ಪ್ರಮಾಣ ಇವನ್ನೆಲ್ಲ ವೈದ್ಯರಿಂದ ಸಹಿ, ಮೊಹರುಗಳೊಡನೆ ಪತ್ರವಾಗಿ ಪಡೆಯಬೇಕು. ಔಷಧಿಯನ್ನು ಕಂಪನಿಯ ಹೆಸರಿನಿಂದಲ್ಲದೆ ಅದರ ಮೂಲ ಹೆಸರಿನಿಂದ ಬರೆಸಬೇಕು. ಇಲ್ಲಿನ ಅಂಗಡಿಯ ಹೆಸರು ಅಲ್ಲಿನ ವೈದ್ಯರಿಗೆ ತಿಳಿಯದೇ ಹೋಗಬಹುದು. ಆ ಪತ್ರದ ಪ್ರತಿಗಳು ತಾಯಿಯ ಚೀಲದಲ್ಲೊಂದು, ತಂದೆಯ ಬಳಿ ಒಂದು ಇರಲಿ. ದುಬೈ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ. ಔಷಧಿಯನ್ನು ಯಾವ ಊರಿನ ಗಡಿಯಾರ ನೋಡಿ ಕೊಡಬೇಕೆಂಬುದನ್ನೂ ಮೊದಲೇ ಕೇಳಿ ಬರೆದುಕೊಳ್ಳುವುದು ಲೇಸು.

ಪರಿಸ್ಥಿತಿಯ ಗಮನವೆಂದರೆ ಹೋಗುವ ನಾಡಿನ ಕಾನೂನನ್ನು ತಿಳಿಯುವುದು. ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟೋನ್, ಕ್ಲೋಬಜಾಮ್ ಮುಂತಾದವು 1971ರ ವಿಶ್ವಸಂಸ್ಥೆಯ ಒಪ್ಪಂದದಂತೆ ನಿಯಂತ್ರಿತ ಔಷಧಿಗಳು. ಯುಎಇಯಂಥ ದೇಶಗಳಿಗೆ ಇಂಥವನ್ನು ಒಯ್ಯಲು ಅಲ್ಲಿನ ಸರ್ಕಾರದ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕು. ಇಲ್ಲಿ ಮಗುವಿನ ಪ್ರಾಣ ಕಾಯುವ ಸೀಸೆ ಅಲ್ಲಿ ತಾಯಿಯನ್ನು ಪೊಲೀಸರ ಮುಂದೆ ನಿಲ್ಲಿಸಬಾರದಲ್ಲವೇ? ವಿಮಾನ ಕಂಪನಿಗಳಿಗೂ ವೈದ್ಯರು ತುಂಬಿಕೊಡಬೇಕಾದ ‘ಮೆಡಿಫ್’ ಎಂಬ ನಮೂನೆಯಿದೆ. ಮನೆಯ ಆಮ್ಲಜನಕದ ಸಿಲಿಂಡರನ್ನು ಸಾಮಾನ್ಯವಾಗಿ ವಿಮಾನದೊಳಕ್ಕೆ ಬಿಡುವುದಿಲ್ಲ. ಒಪ್ಪಿಗೆ ಪಡೆದ ಸಣ್ಣ ಕಾನ್ಸೆಂಟ್ರೇಟರ್ ಯಂತ್ರಕ್ಕೆ ಅವಕಾಶವುಂಟು. ಆದರೆ ಹಾರಾಟದ ಕಾಲದ ಒಂದೂವರೆ ಪಟ್ಟು ಬಾಳುವಷ್ಟು ಬ್ಯಾಟರಿ ಇರಬೇಕೆಂದು ಅನೇಕ ಕಂಪನಿಗಳು ಕೇಳುತ್ತವೆ.

ಎಚ್ಚರವೆಂದರೆ ನಾವು ಅಂದು ಮರೆತದ್ದು. ಔಷಧಿ ಕೈಚೀಲದಲ್ಲಿರಬೇಕು, ಬೇಕಾದುದಕ್ಕಿಂತ ಹೆಚ್ಚು ದಿನಗಳಿಗೆ ಸಾಲುವಷ್ಟಿರಬೇಕು. ಮಗುವಿಗೆ ಅತ್ಯಗತ್ಯವಾದ ದ್ರವ ಔಷಧಿ, ಆಹಾರಗಳಿಗೆ 100 ಮಿಲಿಲೀಟರ್ ಮಿತಿಯಿಂದ ವಿನಾಯಿತಿಯಿದೆ; ತಪಾಸಣೆಯವರಿಗೆ ಮೊದಲೇ ತೋರಿಸಿ, ವೈದ್ಯರ ಪತ್ರ ನೀಡಬೇಕು. ಪ್ರಯಾಣದ ವಿಮೆಯನ್ನು ಕೊಳ್ಳುವಾಗ, ಮೊದಲಿನಿಂದ ಇರುವ ಕಾಯಿಲೆಗೆ ಅದು ಹಣ ಕೊಡುತ್ತದೆಯೇ ಎಂದು ಓದಿ ನೋಡಬೇಕು. ಬಹಳಷ್ಟು ವಿಮೆಗಳು ಕೊಡುವುದಿಲ್ಲ. ಇಳಿಯುವ ಊರಿನಲ್ಲಿ ಮಕ್ಕಳ ಆಸ್ಪತ್ರೆ ಯಾವುದೆಂದು ತಿಳಿದಿರಬೇಕು. ಯಶವಂತಪುರದಿಂದಲೋ ಆರ್.ಟಿ. ನಗರದಿಂದಲೋ ಹೊರಡುವವರು ಹೆಬ್ಬಾಳದ ಮೇಲುಸೇತುವೆಯ ಬಳಿ ವಾಹನಗಳ ಸಾಲಿನಲ್ಲಿ ಕಳೆಯುವ ಹೊತ್ತನ್ನೂ ಯಂತ್ರದ ಬ್ಯಾಟರಿಯ ಲೆಕ್ಕದಲ್ಲಿ ಸೇರಿಸಬೇಕು.

ಇಷ್ಟೆಲ್ಲ ಹೊರೆಯನ್ನು ಒಬ್ಬ ತಾಯಿಯ ಹೆಗಲಿಗೆ ಹಾಕಿ ಸಮುದಾಯವು ಸುಮ್ಮನಿರಬಹುದೇ? 2022ರ ಮೇ ತಿಂಗಳಲ್ಲಿ ರಾಂಚಿ ವಿಮಾನ ನಿಲ್ದಾಣದಲ್ಲಿ, ಅಂಗವೈಕಲ್ಯವಿದ್ದ ಹುಡುಗನೊಬ್ಬ ಗಾಬರಿಗೊಂಡಿದ್ದಾನೆಂಬ ಕಾರಣಕ್ಕೆ ಅವನನ್ನು ವಿಮಾನಕ್ಕೆ ಹತ್ತಿಸಲಿಲ್ಲ. ಅಂದು ಅಲ್ಲಿದ್ದ ಸಹಪ್ರಯಾಣಿಕರು, ಅವರಲ್ಲಿ ವೈದ್ಯರೂ, ಆ ಕುಟುಂಬದ ಪರವಾಗಿ ಮಾತನಾಡಿದರು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಕಂಪನಿಗೆ 5 ಲಕ್ಷ ರೂಪಾಯಿ ದಂಡ ವಿಧಿಸಿತು. ಅದೇ ವರ್ಷದ ಜುಲೈನಲ್ಲಿ, ವೈದ್ಯರ ಅಭಿಪ್ರಾಯ ಪಡೆಯದೆ ಇಂಥವರನ್ನು ತಡೆಯಬಾರದೆಂದು ನಿಯಮವನ್ನು ಬಿಗಿಗೊಳಿಸಿತು. ಅಪರಿಚಿತರು ಬಾಯಿ ತೆರೆದುದರಿಂದ ಆದ ಒಳಿತಿದು. ಪರಿಚಿತರಾದ ನಾವು ಎಷ್ಟು ಮಾಡಬಹುದು!

ನಮ್ಮ ನಗರವೇ ಒಮ್ಮೆ ಇಂಥ ಮಗುವನ್ನು ಬರಮಾಡಿಕೊಂಡಿದೆ. 2003ರ ಜುಲೈನಲ್ಲಿ ಲಾಹೋರ್-ದೆಹಲಿ ಬಸ್ಸು ಮತ್ತೆ ಓಡತೊಡಗಿದಾಗ, ಹೃದಯದ ದೋಷವಿದ್ದ ಪುಟ್ಟ ಹೆಣ್ಣುಮಗುವೊಂದು ತಂದೆತಾಯಿಯೊಡನೆ ಅದರಲ್ಲಿ ಬಂದು, ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಶಸ್ತ್ರಚಿಕಿತ್ಸೆ ಪಡೆದು ಮರಳಿತು. ಗಡಿಯಾಚೆಯ ಆ ಕೂಸಿಗಾಗಿ ಅಂದು ಎಲ್ಲ ಮತದವರೂ ಪ್ರಾರ್ಥಿಸಿದರು. ಆದರೆ ಆ ಪ್ರಾರ್ಥನೆಯ ಜೊತೆಗೆ ವೀಸಾ ಕೊಟ್ಟವರಿದ್ದರು, ವೈದ್ಯಕೀಯ ಕಡತಗಳನ್ನು ಓದಿದವರಿದ್ದರು, ಹಾಸಿಗೆ ಸಿದ್ಧಪಡಿಸಿ ಕಾದವರಿದ್ದರು.

ನಮ್ಮ ಬಾಂಧವರಲ್ಲಿ ನರ್ಸ್ ಇಲ್ಲದ ಬೀದಿ ಯಾವುದು? ಕಂಪ್ಯೂಟರ್ ಬಲ್ಲ ಯುವಕರಿಗೆ ಕೊರತೆಯೇ? ಆದುದರಿಂದ ನಮ್ಮ ಧರ್ಮಕೇಂದ್ರದಲ್ಲಿ ಒಂದು ನಿರ್ಧಾರ ಮಾಡಿದ್ದೇವೆ. ಅಸ್ವಸ್ಥ ಮಗುವಿನೊಡನೆ ಪ್ರಯಾಣ ಹೊರಡುವವರು ಆಶೀರ್ವಾದಕ್ಕೆ ಬರುವಾಗ ಔಷಧಿಯ ಚೀಲವನ್ನೂ ಕಾಗದಗಳನ್ನೂ ತರಬೇಕು, ಅದೂ ಹೊರಡುವ ಮುನ್ನಾದಿನವಲ್ಲ, ಕೆಲವು ವಾರಗಳ ಮೊದಲೇ. ನರ್ಸ್ ಒಬ್ಬರು ಚೀಲ ನೋಡುತ್ತಾರೆ, ಯುವಕರು ಅರ್ಜಿಗಳಿಗೆ ನೆರವಾಗುತ್ತಾರೆ, ವಿನ್ಸೆಂಟ್ ದೆ ಪಾಲ್ ಸಭೆಯವರು ಬಡವರ ಖರ್ಚನ್ನು ಗಮನಿಸುತ್ತಾರೆ. ಅನಂತರ ನಾವು ಪ್ರಾರ್ಥಿಸುತ್ತೇವೆ. ಇತರ ಧರ್ಮಕೇಂದ್ರಗಳೂ ಇದನ್ನು ಯೋಚಿಸಲಿ.

ಕೊನೆಗೆ ಹೇಳಲೇಬೇಕಾದ ಕಹಿಮಾತು ಒಂದಿದೆ. ಕೆಲವೊಮ್ಮೆ ವೈದ್ಯರು ಬೇಡವೆನ್ನುತ್ತಾರೆ. ಆಗ ಟಿಕೆಟಿನ ಹಣ ಹೋಯಿತಲ್ಲ, ನೆಂಟರು ಏನೆನ್ನುತ್ತಾರೆ, ಪುಣ್ಯಕ್ಷೇತ್ರದ ಹರಕೆ ಬಾಕಿಯಲ್ಲ ಎಂದು ಮನಸ್ಸು ತೂಗಾಡುತ್ತದೆ. ಹೋಗದಿರುವುದೂ ಪ್ರೀತಿಯ ನಿರ್ಧಾರವೇ. ಹರಕೆಯ ಹೆಸರಿನಲ್ಲಿ ಮಗುವಿನ ಉಸಿರನ್ನು ಪಣಕ್ಕಿಡುವಂತೆ ಲೂರ್ದಿನ ಮಾತೆ ಯಾರನ್ನೂ ಕೇಳುವುದಿಲ್ಲ. ಸಾಧ್ಯವಾದರೆ ತಂದೆಯೇ ರಜೆ ಹಾಕಿ ಬರಲಿ. ಮೇಲೆ ಹೇಳಿದ ಆ ಕುಟುಂಬದಲ್ಲಿ ಈಗ ನಡೆಯುತ್ತಿರುವುದೂ ಹಾಗೆಯೇ. ಪ್ರತಿ ಕ್ರಿಸ್ಮಸ್‌ಗೆ ತಂದೆ ಬರುತ್ತಾರೆ. ನಡುರಾತ್ರಿಯ ಬಲಿಪೂಜೆಯಲ್ಲಿ ಮಗ ಅವರ ತೊಡೆಯ ಮೇಲಿರುತ್ತಾನೆ.

ತೋಬಿತನ ಗ್ರಂಥವನ್ನು ಒಮ್ಮೆ ಮನೆಯಲ್ಲಿ ಕುಳಿತು ಓದಿರಿ. ಕಣ್ಣು ಕಳೆದುಕೊಂಡ ತಂದೆ, ದೂರದೇಶದಲ್ಲಿರುವ ಹಣವನ್ನು ತರಲು ಮಗ ತೋಬಿಯಾಸನನ್ನು ಕಳುಹಿಸುತ್ತಾನೆ. ಆದರೆ ಬರಿದೇ ಹರಸಿ ಕಳುಹಿಸುವುದಿಲ್ಲ. ದಾರಿ ಬಲ್ಲ, ನಂಬಿಕಸ್ಥನಾದ ಜೊತೆಗಾರನನ್ನು ಹುಡುಕಿಸುತ್ತಾನೆ, ಅವನ ಕುಲವನ್ನು ವಿಚಾರಿಸುತ್ತಾನೆ, ಕೂಲಿ ಗೊತ್ತುಮಾಡುತ್ತಾನೆ, ಅನಂತರವೇ ಆಶೀರ್ವದಿಸುತ್ತಾನೆ. ತಾಯಿ ಅಳುತ್ತಾಳೆ. ನಾಯಿಯೂ ಜೊತೆಗೆ ಹೊರಡುತ್ತದೆ. ಹೊಳೆಯಲ್ಲಿ ಹಿಡಿದ ಮೀನಿನ ಪಿತ್ತವನ್ನು ಔಷಧಿಯಾಗಿ ತೆಗೆದಿಟ್ಟುಕೊಳ್ಳುವಂತೆ ಆ ಜೊತೆಗಾರ ಹೇಳುತ್ತಾನೆ. ಅವನು ಮಹಾದೂತ ರಫಾಯೇಲನೆಂಬುದು ಎಲ್ಲರಿಗೂ ತಿಳಿಯುವುದು ಕಡೆಯಲ್ಲಿ. ದೇವರ ದೂತನೇ ಜೊತೆಗಿದ್ದರೂ ಔಷಧಿಯನ್ನು ಹೊತ್ತು ನಡೆದವನು ತೋಬಿಯಾಸನೇ ಎಂಬುದನ್ನು ನಾವು ಮರೆಯದಿರೋಣ. ಹೊರಡುವ ಮಕ್ಕಳನ್ನೂ ಮನೆಯಲ್ಲೇ ಉಳಿಯುವ ಮಕ್ಕಳನ್ನೂ ಪ್ರಭು ಹರಸಲಿ.