ಸ್ಕ್ಯಾನ್ ರಿಪೋರ್ಟೇ ತೀರ್ಪಲ್ಲ

ಮೊನ್ನೆ ಅಬಿಡ್ಸ್‌ನ ಒಂದು ಸ್ಕ್ಯಾನಿಂಗ್ ಸೆಂಟರಿನಿಂದ ತಂಗಿ ಅಳುತ್ತಾ ಫೋನ್ ಮಾಡಿದಳು. “ಅಣ್ಣಾ, ಮಗೂಗೆ ಪಿಸಿಓಡಿ ಅಂತೆ. ಅಂಡಾಶಯದ ತುಂಬಾ ಗುಳ್ಳೆಗಳಂತೆ. ನಾಳೆ ಮದುವೆ, ಮಕ್ಕಳು ಹೇಗೆ?” ಮಗುವಿಗಿನ್ನೂ 15. ಮೈನೆರೆದು ಮೂರೇ ವರ್ಷ.

ನಾನು ಡಾಕ್ಟರಲ್ಲ, ಬಿಕಾಂ ಓದಿದ ಬ್ಯಾಂಕಿನವನು. ಆದರೆ ಒಂದೇ ಕಾಗದ ನೋಡಿ ಸಾಲ ಮಂಜೂರು ಮಾಡಿದರೆ ಆಡಿಟ್‌ನವರು ಸುಮ್ಮನೆ ಬಿಡ್ತಾರಾ? ಇಲ್ಲೂ ಲೆಕ್ಕ ಅದೇ. 2003ರಲ್ಲಿ ರಾಟರ್‌ಡ್ಯಾಂನಲ್ಲಿ ಸೇರಿದ ತಜ್ಞರು ಮೂರು ಲಕ್ಷಣ ಹೇಳಿದರು: ಮುಟ್ಟಿನ ಏರುಪೇರು, ಗಂಡು ಹಾರ್ಮೋನಿನ ಹೆಚ್ಚಳ, ಸ್ಕ್ಯಾನಿನಲ್ಲಿ ಕಾಣುವ ಅಂಡಾಶಯ. ಮೂರರಲ್ಲಿ ಎರಡಿರಬೇಕು, ಬೇರೆ ಕಾಯಿಲೆ ಇಲ್ಲವೆಂದೂ ಗೊತ್ತಾಗಬೇಕು. ಮೊದಲೆರಡು ಇದ್ದ ದೊಡ್ಡವರಿಗೆ ಸ್ಕ್ಯಾನೇ ಬೇಕಿಲ್ಲ!

ಆ ‘ಗುಳ್ಳೆ’ಗಳು ಗೆಡ್ಡೆಯಲ್ಲ ಸ್ವಾಮಿ, ಅಂಡಾಣುವಿನ ಪುಟ್ಟ ಚೀಲಗಳು. ಮೊದಲು ಒಂದು ಅಂಡಾಶಯದಲ್ಲಿ 12 ಕಂಡರೆ ಸಾಕಿತ್ತು. ಯಂತ್ರಗಳು ಚುರುಕಾದವು, 2018ರಲ್ಲಿ ಅದು 20 ಆಯಿತು. ಅದೂ ಒಳಗಿನಿಂದ ಮಾಡುವ ಸ್ಕ್ಯಾನಿಗೆ. ನಮ್ಮ ಹುಡುಗಿಯರಿಗೆ ಮಾಡುವುದು ಹೊಟ್ಟೆಯ ಮೇಲಿಂದ.

ಎಳೆಯ ಹುಡುಗಿಯರಲ್ಲಿ ಇಂಥ ಅಂಡಾಶಯ ಸಹಜವಾಗಿಯೇ ಕಾಣುತ್ತದೆ. ಅದಕ್ಕೇ ಮೊದಲ ಮುಟ್ಟಾಗಿ 8 ವರ್ಷ ಆಗದವರಲ್ಲಿ ಸ್ಕ್ಯಾನ್ ನೋಡಿ ಈ ಕಾಯಿಲೆ ನಿರ್ಧರಿಸಬೇಡಿ ಎಂದಿತು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಹದಿಹರೆಯದವರಿಗೆ ಇದು ಬೇಡವೆಂದು 2023ರದ್ದೂ ಹೇಳಿತು. ಹಾಗಿದ್ದ ಮೇಲೆ ಈ ಮಗುವನ್ನು ಆ ಟೇಬಲ್ ಮೇಲೆ ಮಲಗಿಸಿದ್ದೇಕೆ?

ಮುಟ್ಟು ಏರುಪೇರಾದರೆ ಅಲಕ್ಷ್ಯ ಮಾಡಿ ಅನ್ನುತ್ತಿಲ್ಲ. ಸ್ತ್ರೀರೋಗ ತಜ್ಞರಿಗೆ ತೋರಿಸಿ, ರಕ್ತ ಪರೀಕ್ಷೆ ಹೇಳಿದರೆ ಮಾಡಿಸಿ. ಆದರೆ ಸ್ಕ್ಯಾನಿಗೆ ದುಡ್ಡು ಕಟ್ಟುವ ಮುಂಚೆ, “ಇವಳ ವಯಸ್ಸಿಗೆ ಇದು ಯಾಕೆ ಬೇಕು?” ಅಂತ ಬಾಯಿಬಿಟ್ಟು ಕೇಳಿ. ಕೇಳುವುದಕ್ಕೆ ಕಾಸು ಖರ್ಚಿಲ್ಲ. ಕೇಳದಿದ್ದರೆ ಒಂದು ಹಾಳೆ ಕಾಗದ ಮಗುವಿನ ನಿದ್ದೆ ಕೆಡಿಸುತ್ತದೆ.