ದೀಪೋತ್ಸವದಲ್ಲಿ ಅನರ್ಥದಂಡ

ಭಗವಾನ್ ಮಹಾವೀರಸ್ವಾಮಿಯು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ಅಮಾವಾಸ್ಯೆಯ ನಸುಕು ನಮಗೆ ದೀಪಾವಳಿ. ಅಂದು ಸಂಜೆಯೇ ಗೌತಮ ಗಣಧರರಿಗೆ ಕೇವಲಜ್ಞಾನ ಪ್ರಾಪ್ತವಾಯಿತು. ಆಚಾರ್ಯ ಜಿನಸೇನರು ಕ್ರಿ.ಶ. 783ರಲ್ಲಿ ಪೂರೈಸಿದ ಹರಿವಂಶಪುರಾಣದಲ್ಲಿ ಪಾವಾನಗರ ಬೆಳಗಿದ ದೀಪಗಳ ವರ್ಣನೆಯುಂಟು. ಸಿಡಿಮದ್ದು ಈ ಹಬ್ಬಕ್ಕೆ ಬಹಳ ತಡವಾಗಿ ಬಂದ ಅತಿಥಿ.

ಗೃಹಸ್ಥನು ಹಿಂಸೆಯನ್ನು ಸಂಪೂರ್ಣವಾಗಿ ಬಿಡಲಾರ. ಒಲೆ ಉರಿಯಬೇಕು, ಹೊಲ ಉಳಬೇಕು. ಆರಂಭೀ, ಉದ್ಯೋಗೀ ಹಿಂಸೆಗಳ ಅನಿವಾರ್ಯತೆಯನ್ನು ಶಾಸ್ತ್ರವೇ ಒಪ್ಪಿದೆ. ಪಟಾಕಿ ಈ ಯಾವ ಲೆಕ್ಕಕ್ಕೂ ಸೇರದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಪ್ರಯೋಜನವಿಲ್ಲದ ಪಾಪವನ್ನು ಅನರ್ಥದಂಡವೆಂದು ಕರೆದು ಐದು ಬಗೆಗಳನ್ನು ತಿಳಿಸುತ್ತದೆ. ವ್ಯರ್ಥವಾಗಿ ಬೆಂಕಿ ಹೊತ್ತಿಸುವುದು ಅದರಲ್ಲಿ ಪ್ರಮಾದಚರ್ಯೆ. ಬೆಂಕಿ, ಆಯುಧಗಳಂತಹ ಹಿಂಸೋಪಕರಣಗಳನ್ನು ಪರರಿಗೆ ನೀಡುವುದು ಹಿಂಸಾದಾನ. ಹಾಗಿದ್ದರೆ ಐದು ವರ್ಷದ ಕೂಸಿನ ಕೈಗೆ ಸುರುಸುರುಬತ್ತಿ ಕೊಡುವ ತಂದೆಯನ್ನು ಏನೆನ್ನಬೇಕು? ಅದು ಉರಿಯುವಾಗಿನ ಶಾಖ ಸಾವಿರ ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಕೀಟಗಳಿಗೆ ಹಾನಿಯಾದೀತೆಂದು ಸೂರ್ಯಾಸ್ತದೊಳಗೆ ಊಟ ಮುಗಿಸುವ ಮನೆಗಳ ಅಂಗಳದಲ್ಲೇ ಏಳು ಗಂಟೆಗೆ ಸರಪಟಾಕಿ ಸಿಡಿಯುವುದನ್ನು ನಾನು ಕಂಡಿದ್ದೇನೆ!

ಬೆಂಗಳೂರಿನ ಮಿಂಟೊ ಕಣ್ಣಿನ ಆಸ್ಪತ್ರೆಗೆ ಪ್ರತಿ ದೀಪಾವಳಿಯಲ್ಲೂ ಗಾಯಾಳುಗಳು ಬರುತ್ತಾರೆ. ಪಟಾಕಿ ಹಚ್ಚದೆ ಬರಿದೇ ನೋಡುತ್ತ ನಿಂತವರೂ ಅವರಲ್ಲಿರುತ್ತಾರೆ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ದಾಸ್ತಾನಿಗೆ ಬೆಂಕಿ ಬಿದ್ದಾಗ ಜೀವ ತೆತ್ತವರಲ್ಲಿ ಹೆಚ್ಚಿನವರು ದುಡಿಯಲು ಬಂದಿದ್ದ ಯುವಕರು.

ಕಾನೂನೂ ಸುಮ್ಮನಿಲ್ಲ. ಸರ್ವೋಚ್ಚ ನ್ಯಾಯಾಲಯವು 2018ರ ಅಕ್ಟೋಬರ್ 23ರ ಆದೇಶದಲ್ಲಿ ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರವರೆಗಿನ ಅವಧಿಯನ್ನಷ್ಟೇ ನೀಡಿತು. ಸರಪಟಾಕಿಯನ್ನೂ ಬೇರಿಯಂ ಲವಣಗಳನ್ನೂ ನಿಷೇಧಿಸಿತು. ಆಸ್ಪತ್ರೆ, ಶಾಲೆಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯದಲ್ಲಿ ಸದ್ದಿನ ಪಟಾಕಿ ಸಲ್ಲದು. ಇದಲ್ಲದೆ ಭಾರತೀಯ ನ್ಯಾಯ ಸಂಹಿತೆಯ 288ನೆಯ ಕಲಮು, ಸ್ಫೋಟಕವನ್ನು ಅಜಾಗರೂಕತೆಯಿಂದ ಬಳಸಿ ಪರರಿಗೆ ಅಪಾಯ ಒಡ್ಡಿದವನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಇಲ್ಲಿ ಯಾರಿಗೂ ಗಾಯವಾಗಿರಲೇಬೇಕೆಂದಿಲ್ಲ, ಗಾಯವಾಗುವ ಸಂಭವವಿದ್ದರೆ ಸಾಕು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಮೊದಲಿಗೆ ಇಟ್ಟ ಮಾತೂ ಪ್ರಮಾದವೇ. ಯಾವ ಜೀವಿಯೂ ಸಾಯಲಿಲ್ಲವೆಂಬ ಸಮಾಧಾನ ಪ್ರಮತ್ತನನ್ನು ಉಳಿಸದು.

ಹಸಿರು ಪಟಾಕಿ ಇದೆಯಲ್ಲ ಎಂಬ ಮಾತು ಈಗ ಹೆಚ್ಚಾಗಿದೆ. ಅದರಲ್ಲಿ ಹೊಗೆ ಕಡಿಮೆ, ನಿಜ. ಆದರೆ ಬೆಂಕಿ ಬೆಂಕಿಯೇ.

ಮಕ್ಕಳಿಗೆ ಸಂಭ್ರಮ ಬೇಡವೇ? ಖಂಡಿತ ಬೇಕು. ನಸುಕಿನಲ್ಲಿ ಬಸದಿಗೆ ಕರೆದೊಯ್ದು ನಿರ್ವಾಣಲಾಡುವನ್ನು ಅವರ ಕೈಯಿಂದಲೇ ಅರ್ಪಿಸಿರಿ. ಸಂಜೆಯ ದೀಪಗಳಿಗೆ ಹುಳು ಬೀಳದಂತೆ ಗಾಜಿನ ಚಿಮಣಿ ಹೊದಿಸುವ ಹೊಣೆಯನ್ನೂ ಅವರಿಗೇ ಬಿಡಿರಿ.