ಪಡ್ರೆಯಿಂದ ಜಿನೀವಾಕ್ಕೆ: ಅನುವಾದದ ಸಂಬಳ ಯಾರಿಗೆ?

ಕನ್ನಡ, ತುಳು, ಮಲಯಾಳ, ಇಂಗ್ಲಿಷ್ ಗೊತ್ತಿದೆ, ಭಾಷಾವಿಜ್ಞಾನದಲ್ಲಿ ಎಂ.ಎ. ಆಗಿದೆ, ಅನುವಾದವೇ ಹೊಟ್ಟೆಪಾಡು ಎಂದು ಹೇಳಿಕೊಂಡರೆ ಕೇರಳದಲ್ಲಿ ತಪ್ಪದೆ ಸಿಗುವ ಸಲಹೆಯೊಂದಿದೆ: 'ಯುಎನ್‌ಗೆ ಯಾಕೆ ಅರ್ಜಿ ಹಾಕಬಾರದು?' ಇಲ್ಲಿನವರಿಗೆ ವಿಶ್ವಸಂಸ್ಥೆ ದೂರದ ಮಾತೇನಲ್ಲ. ತಿರುವನಂತಪುರದ ಸಂಸದ ಶಶಿ ತರೂರ್ 1978ರಿಂದ 2007ರವರೆಗೆ ಅಲ್ಲೇ ಕೆಲಸ ಮಾಡಿದವರು, ಮಹಾಕಾರ್ಯದರ್ಶಿ ಹುದ್ದೆಗೂ ಸ್ಪರ್ಧಿಸಿದವರು. ಹಾಗಾಗಿ ಕಲೂರಿನ ನನ್ನ ಮನೆ ಮಾಲೀಕರಿಂದ ಹಿಡಿದು ಹಳೆಯ ಸಹಪಾಠಿಗಳವರೆಗೆ ಎಲ್ಲರೂ ಈ ಸಲಹೆ ಕೊಟ್ಟಿದ್ದಾರೆ.

ಉತ್ತರ ಸರಳ. ವಿಶ್ವಸಂಸ್ಥೆಯ ಅನುವಾದಕರ ಪರೀಕ್ಷೆ ಬರೆಯಬೇಕಾದರೆ ನಿಮ್ಮ ಮುಖ್ಯ ಭಾಷೆ ಅರಬಿ, ಚೀನಿ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್ ಈ ಆರರಲ್ಲಿ ಒಂದಾಗಿರಬೇಕು. ಇಂಗ್ಲಿಷನ್ನೇ ಮುಖ್ಯ ಭಾಷೆ ಎಂದುಕೊಂಡರೂ ಉಳಿದ ಐದರಲ್ಲಿ ಎರಡನ್ನಾದರೂ ಚೆನ್ನಾಗಿ ಬಲ್ಲವರೇ ಸಾಮಾನ್ಯವಾಗಿ ಒಳಗೆ ಹೋಗುವುದು. ಕನ್ನಡ, ತುಳು, ಮಲಯಾಳ ಅಲ್ಲಿ ಅರ್ಹತೆಯ ಲೆಕ್ಕಕ್ಕೇ ಬರುವುದಿಲ್ಲ.

ಇದನ್ನು ದೂರಾಗಿ ಹೇಳುತ್ತಿಲ್ಲ. ನೂರಾರು ಭಾಷೆಗಳಲ್ಲಿ ಸಭೆ ನಡೆಸಲು ಆಗುವುದಿಲ್ಲ ಎಂಬುದು ಯಾರಿಗೂ ಗೊತ್ತಾಗುವ ವಿಷಯ. ನನ್ನ ತಕರಾರು ಬೇರೆ. ಈ ಸಂಸ್ಥೆಗಳು ಆರು ಭಾಷೆಗಳ ಕೆಲಸವನ್ನು ವೃತ್ತಿ ಎಂದು ಗೌರವಿಸುತ್ತವೆ. ಉಳಿದ ಭಾಷೆಗಳ ಕೆಲಸವನ್ನೂ ಮಾಡಿಸಿಕೊಳ್ಳುತ್ತವೆ, ಆದರೆ ಅದನ್ನು ಚಿಲ್ಲರೆ ಖರ್ಚಿನ ಸಾಲಿಗೆ ಸೇರಿಸುತ್ತವೆ.

ಮೊದಲು ಆ ಗೌರವ ಹೇಗಿರುತ್ತದೆ ನೋಡೋಣ. ಅಂತಾರಾಷ್ಟ್ರೀಯ ನಾಗರಿಕ ಸೇವೆಯ ಸಂಬಳಕ್ಕೆ ಲೀಗ್ ಆಫ್ ನೇಷನ್ಸ್ ಕಾಲದ ನೋಬ್ಲ್‌ಮೇರ್ ತತ್ವ ಆಧಾರ: ಯಾವ ದೇಶದ ಸರ್ಕಾರಿ ನೌಕರರಿಗೆ ಅತಿ ಹೆಚ್ಚು ಸಂಬಳವಿದೆಯೋ ಅದಕ್ಕೆ ಹೋಲಿಸಿ ಕೊಡಬೇಕು, ಆಗಲೇ ಎಲ್ಲ ದೇಶಗಳಿಂದಲೂ ಜನ ಬಂದಾರು. ಅಮೆರಿಕದ ಫೆಡರಲ್ ನೌಕರರ ಸಂಬಳ ಈಗಲೂ ಆ ಅಳತೆಗೋಲು. ಸ್ಥಳೀಯವಾಗಿ ನೇಮಕವಾಗುವ ಗುಮಾಸ್ತರು, ಸಹಾಯಕರಿಗೆ 1949ರ ಫ್ಲೆಮಿಂಗ್ ತತ್ವವಿದೆ: ಆ ಊರಿನಲ್ಲಿ ಚಾಲ್ತಿಯಲ್ಲಿರುವ ಒಳ್ಳೆಯ ಸಂಬಳಗಳಿಗೆ ಸಮನಾಗಿ ಕೊಡಬೇಕು. ಅನುವಾದಕರ ದಿನದ ಕೆಲಸಕ್ಕೂ ಲೆಕ್ಕವಿದೆ. 330 ಪದಗಳಿಗೆ ಒಂದು ಪುಟ, ದಿನಕ್ಕೆ ಐದು ಪುಟ ಎಂಬುದು ಬಹುಕಾಲ ನಡೆದುಬಂದ ಅಳತೆ. ದುಭಾಷಿಗಳ ಗಾಜಿನ ಕೋಣೆಯಲ್ಲಿ ಇಬ್ಬರು, ಅರಬಿ ಮತ್ತು ಚೀನಿಗೆ ಮೂವರು ಕೂರುತ್ತಾರೆ. ಅರ್ಧ ಗಂಟೆಗೊಮ್ಮೆ ಕೈ ಬದಲಾಗುತ್ತದೆ. ವಾರಕ್ಕೆ ಏಳು ಸಭೆ, ಅದಕ್ಕಿಂತ ಹೆಚ್ಚಿಲ್ಲ. ಮಿದುಳು ದಣಿದರೆ ಅರ್ಥ ಕೆಡುತ್ತದೆ ಎಂದು ಒಪ್ಪಿಕೊಂಡ ನಿಯಮ ಇದು.

ನನಗೆ ನಿಜವಾಗಿ ಹೊಟ್ಟೆಕಿಚ್ಚು ತರುವ ಸಂಗತಿ ಇನ್ನೊಂದಿದೆ. ಅಲ್ಲಿ ಖಾಯಂ ಅಲ್ಲದವರಿಗೂ ಒಪ್ಪಂದ ಇದೆ. ದುಭಾಷಿಗಳ ಸಂಘ ಎಐಐಸಿ, ಅನುವಾದಕರ ಸಂಘ ಎಐಟಿಸಿ ಇವೆರಡೂ ವಿಶ್ವಸಂಸ್ಥೆಯ ಜತೆ ಸಾಮೂಹಿಕವಾಗಿ ಕೂತು ಮಾತಾಡಿ ಬಿಡಿಗೆಲಸದವರ ದರ, ಪ್ರಯಾಣ, ಕೆಲಸದ ಹೊರೆ ಎಲ್ಲವನ್ನೂ ಗೊತ್ತುಮಾಡಿಕೊಂಡಿವೆ. ಜಿನೀವಾದ ಫ್ರೀಲ್ಯಾನ್ಸರ್‌ಗೂ ಕಲೂರಿನ ಫ್ರೀಲ್ಯಾನ್ಸರ್‌ಗೂ ಹೆಸರೊಂದೇ. ಅವರಿಗೆ ಕರಾರುಪತ್ರ ಬರುತ್ತದೆ. ನಮಗೆ ರಾತ್ರಿ ಹತ್ತಕ್ಕೆ ವಾಟ್ಸಾಪ್: 'ನಾಳೆ ಬೆಳಿಗ್ಗೆ ಬೇಕಿತ್ತು, ಅರ್ಜೆಂಟ್.'

ಈಗ ಕಾಸರಗೋಡಿಗೆ ಬರುತ್ತೇನೆ. ಅಂತಾರಾಷ್ಟ್ರೀಯ ಸಂಸ್ಥೆಯೊಂದು ಕನ್ನಡ ಮಾತಾಡುವ ಹಳ್ಳಿಯ ಸಂಕಷ್ಟವನ್ನು ಕೇಳಿಸಿಕೊಳ್ಳಬೇಕಾದರೆ ನಡುವೆ ಏನೆಲ್ಲ ಆಗಬೇಕು ಎನ್ನುವುದಕ್ಕೆ ಎಂಡೋಸಲ್ಫಾನ್‌ಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ಕೀಟನಾಶಕ ಸಿಂಪಡಿಸಿದರು. ಎಣ್ಮಕಜೆ ಪಂಚಾಯತಿಯ ಪಡ್ರೆಯಂಥ ಊರುಗಳಲ್ಲಿ ಮನೆಯೊಳಗೆ ತುಳು, ಹವ್ಯಕ ಕನ್ನಡ, ಮರಾಠಿ, ಶಾಲೆಯಲ್ಲಿ ಕನ್ನಡ, ಸರ್ಕಾರಿ ಕಡತದಲ್ಲಿ ಮಲಯಾಳ. ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಏನೋ ಸರಿಯಿಲ್ಲ ಎಂದು ಗಮನಿಸಿದರು, ಬರೆದರು. ಅದೇ ಊರಿನ ಪತ್ರಕರ್ತ ಶ್ರೀಪಡ್ರೆ ಅದನ್ನು ಊರಾಚೆಗೆ ತಲುಪಿಸಿದರು. 2011ರ ಏಪ್ರಿಲ್ ಕೊನೆಯ ವಾರ ಸ್ಟಾಕ್‌ಹೋಮ್ ಒಪ್ಪಂದದ ಸದಸ್ಯ ರಾಷ್ಟ್ರಗಳು ಜಿನೀವಾದಲ್ಲಿ ಸೇರಿದಾಗ, ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ತಿರುವನಂತಪುರದಲ್ಲಿ ಒಂದು ದಿನ ಉಪವಾಸ ಕೂತರು. ಮೊದಲು ವಿರೋಧಿಸುತ್ತಿದ್ದ ಭಾರತ ಕೆಲವು ಬೆಳೆಗಳಿಗೆ ವಿನಾಯಿತಿ ಪಡೆದು ಕೊನೆಗೆ ಒಪ್ಪಿತು. ಎಂಡೋಸಲ್ಫಾನ್ ಜಾಗತಿಕ ನಿಷೇಧದ ಪಟ್ಟಿಗೆ ಸೇರಿತು.

ಈ ದಾರಿಯನ್ನು ಅನುವಾದಕರ ಕಣ್ಣಿನಿಂದ ನೋಡಿ. ತಾಯಿಯೊಬ್ಬಳು ತುಳುವಿನಲ್ಲಿ ಹೇಳಿದ್ದು ವೈದ್ಯರ ಟಿಪ್ಪಣಿಯಾಗಬೇಕು, ಕನ್ನಡ ಪತ್ರಿಕೆಯ ವರದಿಯಾಗಬೇಕು, ಮಲಯಾಳದ ಅರ್ಜಿಯಾಗಬೇಕು, ಇಂಗ್ಲಿಷಿನ ಅಧ್ಯಯನವಾಗಬೇಕು. ಇಂಗ್ಲಿಷಿನಿಂದ ಫ್ರೆಂಚ್‌ಗೆ, ಅರಬಿಗೆ ಹೋಗುವುದು ಆಮೇಲೆ. ಸಂಬಳ, ಪಿಂಚಣಿ, ಅರ್ಧ ಗಂಟೆಯ ವಿರಾಮ ಎಲ್ಲವೂ ಇರುವುದು ಆ ಕೊನೆಯ ಹೆಜ್ಜೆಗೆ. ಮೊದಲಿನ ಹೆಜ್ಜೆಗಳನ್ನು ನಡೆದವರು ವೈದ್ಯರು, ಪತ್ರಕರ್ತರು, ಶಾಲೆಯ ಮಾಸ್ತರರು, ಹೋರಾಟಗಾರರು. ಅದು ಅವರ ನೌಕರಿಯಾಗಿರಲಿಲ್ಲ.

ಅರ್ಥ ತಪ್ಪುವ ಅಪಾಯ ಹೆಚ್ಚಿರುವುದೂ ಆ ಮೊದಲ ಹೆಜ್ಜೆಗಳಲ್ಲೇ. ಫ್ರೆಂಚ್ ಕರಡಿನಲ್ಲಿ ತಪ್ಪಾದರೆ ಹಿಡಿಯಲು ಪರಿಷ್ಕರಣಕಾರರು ಇದ್ದಾರೆ. 'ಸಂಕಟ' ಎಂಬ ಒಂದೇ ಮಾತು ತೆಗೆದುಕೊಳ್ಳಿ. ಕನ್ನಡದ ರೋಗಿ 'ಎದೆಯಲ್ಲಿ ಸಂಕಟ' ಅಂದರೆ ಅದು ದೇಹದ ಬಾಧೆ. ವೈದ್ಯರು ಉರಿಯೋ ನೋವೋ ಎಂದು ಮುಂದೆ ಕೇಳಬೇಕು. ಮಲಯಾಳದ 'ಸಂಕಟಂ' ಎಂದರೆ ದುಃಖ. ಪದ ಎರಡೂ ಕಡೆ ಇದೆಯಲ್ಲ ಎಂದು ಹಾಗೆಯೇ ಸಾಗಿಸಿದರೆ ಹೊಟ್ಟೆಯದೋ ಹೃದಯದ್ದೋ ಲಕ್ಷಣ ಮನಸ್ಸಿನ ಖಾತೆಗೆ ಜಮೆಯಾಗುತ್ತದೆ. ಎರಡೂ ಭಾಷೆ ಒಂದೇ ಕುಟುಂಬದವು, ಅನುವಾದ ಸುಲಭ, ಹಾಗಾಗಿ ದರ ಕಡಿಮೆ ಎಂದು ಏಜೆನ್ಸಿಯವರು ವಾದಿಸುವಾಗ ನನಗೆ ನೆನಪಾಗುವುದು ಇಂಥ ಪದಗಳು. ಹತ್ತಿರದ ಭಾಷೆಗಳೇ ಹೆಚ್ಚು ಮೋಸ ಮಾಡುತ್ತವೆ.

ಇಂದು ಲಸಿಕೆಯ ಕರಪತ್ರ, ಪೌಷ್ಟಿಕತೆಯ ಸಮೀಕ್ಷೆ, ಸಂಶೋಧನೆಗೆ ಒಪ್ಪಿಗೆ ಪಡೆಯುವ ನಮೂನೆ, ಕಾರ್ಮಿಕರ ಹಕ್ಕುಗಳ ಕೈಪಿಡಿ ಇಂಥವು ನಮ್ಮ ಕೈಗೆ ಬರುವುದು ಒಂದು ಸರಪಳಿಯ ತುದಿಯಲ್ಲಿ. ಅಂತಾರಾಷ್ಟ್ರೀಯ ಸಂಸ್ಥೆ ದೆಹಲಿಯ ಸಲಹಾ ಸಂಸ್ಥೆಗೆ ಕೊಡುತ್ತದೆ, ಅದು ಅನುವಾದ ಏಜೆನ್ಸಿಗೆ, ಏಜೆನ್ಸಿ ನನಗೆ. ಪದಕ್ಕಿಷ್ಟು ಎಂದು ದರ. ಯಂತ್ರ ಮೊದಲೇ ಅರ್ಧ ಅನುವಾದಿಸಿದೆ ಎಂದು ಅದರಲ್ಲೂ ಕಡಿತ. ಹೀಗೆ ಬಂದ ಒಂದು ಆರೋಗ್ಯ ಪ್ರಶ್ನಾವಳಿಯ ಹಣ ನನ್ನ ಖಾತೆಗೆ ಬಂದದ್ದು ಏಳು ತಿಂಗಳ ಮೇಲೆ. ವರದಿಯಲ್ಲಿ ಸಮೀಕ್ಷೆಗೆ ವಾಹನ ಒದಗಿಸಿದವರಿಗೂ ಕೃತಜ್ಞತೆ ಇತ್ತು. ಅನುವಾದಕರ ಹೆಸರು ಇರಲಿಲ್ಲ. 'ಈ ಪ್ರಶ್ನೆ ನಮ್ಮ ಕಡೆ ಅರ್ಥವಾಗುವುದಿಲ್ಲ' ಎಂದು ನಾನು ಬರೆದ ಟಿಪ್ಪಣಿ ಪ್ರಶ್ನೆ ಬರೆದವರನ್ನು ತಲುಪಿತೋ ಇಲ್ಲವೋ, ತಿಳಿಯುವ ದಾರಿಯೇ ಇರಲಿಲ್ಲ.

ದೂರು ಕೊಡೋಣವೆಂದರೆ ಎಲ್ಲಿ? ವಿಶ್ವಸಂಸ್ಥೆಗೆ ನಮ್ಮ ನ್ಯಾಯಾಲಯಗಳಿಂದ ವಿನಾಯಿತಿ ಇದೆ. 1947ರಲ್ಲೇ ಭಾರತ ಅದಕ್ಕೊಂದು ಕಾಯ್ದೆ ಮಾಡಿತು. ಅದಕ್ಕೆ ಕಾರಣವೂ ಇದೆ. ಆತಿಥೇಯ ಸರ್ಕಾರ ಕೋರ್ಟಿನ ಮೂಲಕ ಸಂಸ್ಥೆಯ ಕೈ ತಿರುಚಬಾರದು. ಆ ವಿನಾಯಿತಿಗೆ ಬದಲಾಗಿ ನೌಕರರಿಗೆ ಒಳಗೇ ನ್ಯಾಯ ಸಿಗಲಿ ಎಂದು 2009ರಿಂದ ವಿಶ್ವಸಂಸ್ಥೆಯ ವಿವಾದ ನ್ಯಾಯಮಂಡಳಿ ಕೆಲಸ ಮಾಡುತ್ತಿದೆ. ಆದರೆ ಅದರ ಬಾಗಿಲು ನೌಕರರಿಗೆ ಮಾತ್ರ. ನೇರವಾಗಿ ಗುತ್ತಿಗೆಗೆ ಬಂದ ಸಲಹೆಗಾರರಿಗೆ ಉಳಿಯುವುದು ಮಧ್ಯಸ್ಥಿಕೆ, ಅದರ ಖರ್ಚು ಬಾಕಿ ಮೊತ್ತವನ್ನೇ ನುಂಗಬಹುದು. ನನ್ನಂಥ ಉಪಗುತ್ತಿಗೆಯವರಿಗೆ ಅದೂ ಇಲ್ಲ. ಏಜೆನ್ಸಿಯ ಮೇಲೆ ದಾವೆ ಹೂಡಬಹುದು, ಕೆಲವು ಸಾವಿರ ರೂಪಾಯಿಗಾಗಿ, ದೆಹಲಿಯಲ್ಲಿ.

ವಿಶ್ವಸಂಸ್ಥೆಯ ಸನ್ನದಿನ 101ನೆಯ ವಿಧಿ ಆದಷ್ಟು ವಿಶಾಲವಾದ ಭೌಗೋಳಿಕ ನೆಲೆಯಿಂದ ಸಿಬ್ಬಂದಿಯನ್ನು ಆರಿಸಬೇಕು ಎನ್ನುತ್ತದೆ. ಲೆಕ್ಕ ಮಾಡುವುದು ಪಾಸ್‌ಪೋರ್ಟುಗಳನ್ನು. ದೆಹಲಿಯ ಇಂಗ್ಲಿಷ್ ಕಾನ್ವೆಂಟಿನಿಂದ ಹೋದವರೂ ಭಾರತ, ಪಡ್ರೆಯ ಕನ್ನಡ ಶಾಲೆಯಿಂದ ಹೋದವರೂ ಭಾರತ. ಹಳ್ಳಿಯ ಅಂಗಳದಲ್ಲಿ ಕೂತು ಕೇಳಿಸಿಕೊಳ್ಳಬಲ್ಲವರು ಎಷ್ಟು ಮಂದಿ ಇದ್ದಾರೆ ಎಂಬ ಪ್ರಶ್ನೆ ಆ ಲೆಕ್ಕದಲ್ಲಿ ಏಳುವುದೇ ಇಲ್ಲ.

ಜರ್ಮನ್ ಅಧಿಕೃತ ಭಾಷೆಯಲ್ಲದಿದ್ದರೂ ನ್ಯೂಯಾರ್ಕಿನಲ್ಲಿ ಜರ್ಮನ್ ಅನುವಾದ ವಿಭಾಗವೊಂದು 1975ರಿಂದ ನಡೆಯುತ್ತಿದೆ, ಜರ್ಮನ್ ಮಾತಾಡುವ ದೇಶಗಳು ಅದರ ಖರ್ಚು ಕೊಡುತ್ತವೆ. 2018ರಿಂದ ಹಿಂದಿ ಸುದ್ದಿಗೆ ಭಾರತ ಸರ್ಕಾರ ದುಡ್ಡು ಕೊಡುತ್ತಿದೆ. ಹಾಗಾದರೆ ಕನ್ನಡಕ್ಕೆ ಕರ್ನಾಟಕ ಕೊಡಲಿ ಎಂದು ಯಾರಾದರೂ ಹೇಳುವ ಮುಂಚೆ ನಾನೇ ಹೇಳುತ್ತೇನೆ: ಬೇಡ. ನ್ಯೂಯಾರ್ಕಿನಲ್ಲಿ ಕನ್ನಡ ವಿಭಾಗ ಶುರುವಾದರೆ ನಮಗೊಂದು ಹೆಮ್ಮೆಯ ಫೋಟೊ ಸಿಕ್ಕೀತು, ಪಡ್ರೆಯ ತಾಯಿಗೆ ಏನೂ ಸಿಗದು. ಕೆಲಸ ಬೇಕಾಗಿರುವುದು ಈ ತುದಿಯಲ್ಲಿ.

ಈಗ ದುಡ್ಡಿಲ್ಲ ಎನ್ನುವ ಉತ್ತರ ಸಿದ್ಧವಾಗಿದೆ, ಅದು ಸುಳ್ಳೂ ಅಲ್ಲ. ಅಮೆರಿಕ ಕೈ ಹಿಂತೆಗೆದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2026–27ರ ಬಜೆಟ್ಟನ್ನು ಶೇ. 21ರಷ್ಟು ಕಡಿತಗೊಳಿಸಿ 420 ಕೋಟಿ ಡಾಲರಿಗೆ ಇಳಿಸಿತು. ಖಾಯಂ ನೌಕರರೇ ಕೆಲಸ ಕಳೆದುಕೊಳ್ಳುತ್ತಿರುವ ಹೊತ್ತಿನಲ್ಲಿ ಹೊಸ ಹುದ್ದೆ ಕೇಳುವುದು ಅತಿಯಾಸೆ ಅನ್ನಿಸಬಹುದು. ಆದರೆ ಹುದ್ದೆ ಕಡಿಮೆಯಾದಾಗ ಕೆಲಸ ಮಾಯವಾಗುವುದಿಲ್ಲ, ಸರಪಳಿಯಲ್ಲಿ ಇನ್ನಷ್ಟು ಕೆಳಗೆ ಜಾರುತ್ತದೆ. ಮುಂದಿನ ವರ್ಷಗಳಲ್ಲಿ ನಮ್ಮ ಇನ್‌ಬಾಕ್ಸಿಗೆ ಇಂಥ ಕೆಲಸ ಹೆಚ್ಚೇ ಬರಲಿದೆ, ಕಡಿಮೆ ದರಕ್ಕೆ. ಕರಾರಿನ ಮಾತು ಎತ್ತಬೇಕಾದದ್ದು ಈಗಲೇ.

ಆಯಾ ದೇಶದವರನ್ನೇ ನೇಮಿಸುವ ರಾಷ್ಟ್ರೀಯ ಅಧಿಕಾರಿ ಎಂಬ ವರ್ಗವೊಂದು ಈ ವ್ಯವಸ್ಥೆಯಲ್ಲಿ ಈಗಾಗಲೇ ಇದೆ. ದಕ್ಷಿಣದ ಯೋಜನೆಗಳಲ್ಲಿ ಭಾಷೆಯ ಹೊಣೆ ಹೊರುವ ಒಬ್ಬರನ್ನು ಆ ವರ್ಗದಲ್ಲಿ ತರಬಹುದು. ಅದಾಗದಿದ್ದರೂ ಟೆಂಡರಿನಲ್ಲಿ ನಾಲ್ಕು ಸಾಲು ಸೇರಿಸಲು ಯಾವ ಸಾಮಾನ್ಯ ಸಭೆಯ ನಿರ್ಣಯವೂ ಬೇಕಿಲ್ಲ: ಅನುವಾದಕ್ಕೆ ಬಜೆಟ್ಟಿನಲ್ಲಿ ಪ್ರತ್ಯೇಕ ಬಾಬ್ತು, 45 ದಿನದೊಳಗೆ ಪಾವತಿ, ವರದಿಯಲ್ಲಿ ಹೆಸರು, ಪ್ರಶ್ನಾವಳಿ ಬರೆದವರ ಜತೆ ಅನುವಾದಕರು ನೇರವಾಗಿ ಮಾತಾಡುವ ಅವಕಾಶ.

ಕಳೆದ ಮೂರು ಕೆಲಸಗಳಿಂದ ಈ ನಾಲ್ಕನ್ನೂ ಬರೆದು ಕಳಿಸುತ್ತಿದ್ದೇನೆ. ಒಂದು ಏಜೆನ್ಸಿ ಮತ್ತೆ ಫೋನ್ ಮಾಡಲಿಲ್ಲ. ಇನ್ನೊಂದು ಹೆಸರು ಹಾಕಲು ಒಪ್ಪಿತು, 45 ದಿನವನ್ನು 90 ಮಾಡಿತು. ಮೂರನೆಯದರಲ್ಲಿ ಪ್ರಶ್ನೆ ಬರೆದ ವೈದ್ಯೆಯ ಜತೆಗೇ ಮಾತಾಡಿಸಿದರು. ಒಂದೂವರೆ ಗಂಟೆ ಮಾತಾಡಿದೆವು, ಹನ್ನೊಂದು ಪ್ರಶ್ನೆಗಳನ್ನು ಅವರು ಇಂಗ್ಲಿಷಿನಲ್ಲೇ ತಿದ್ದಿಕೊಂಡರು.